ಥಂಡ್ಯಾಗ ಗುಲ್‌ಮೊಹರ್ ಸಸಿ ಎಬ್ಬಿಸಿದ್ದು

ಧಾರವಾಡದ ಡಿಸೆಂಬರ್ ಥಂಡಿ ಅಂದ್ರ ಗೊತ್ತಲ್ರೀ, ಮುಂಜಾನೆ ಸ್ವೆಟರ್ ಇಲ್ದ ಹಾಲು ತರಾಕ ಹೋಗೋಹಂಗಿಲ್ಲ. ಅಂಥಾದ್ರಾಗ ನಾ ಗುಲ್‌ಮೊಹರ್ ಬೀಜ ಹಾಕಿದೆ, ಮಡಗಾಸ್ಕರ್ ಮೂಲದ ಗಿಡ ಅದು, ಬೆಚ್ಚಗ ಬೇಕು ಅನ್ನೋ ಖಬರೂ ಇರ್ಲಿಲ್ಲ. ಮೂರು ವಾರ ಆದ್ರೂ ಒಂದೂ ಏಳಲಿಲ್ಲ, ಕೆದರಿ ನೋಡಿದ್ರ ಹಾಕಿದಂಗ ಕಲ್ಲಾಗಿ ಕೂತಿದ್ವು.

ಸಿಪ್ಪಿ ಗಟ್ಟಿ ಇರತದ, ನೀರು ಒಳಗ ಹೋಗೂದಿಲ್ಲ. ನೇಲ್‌ಕಟರ್ ತಗೊಂಡು, ಬೀಜದ ಕಣ್ಣು, ಅಂದ್ರ ಕಾಯಿಗೆ ಅಂಟಿಕೊಂಡಿದ್ದ ಗುರುತು, ಇರೋ ತುದಿ ಬಿಟ್ಟು ಇನ್ನೊಂದು ತುದ್ಯಾಗ ಒಂಚೂರು ಸಿಪ್ಪಿ ಕತ್ತರಿಸಿದೆ, ಒಳಗಿನ ಬಿಳೇದು ಕಂಡ್ರ ಸಾಕು, ಆಮ್ಯಾಲೆ ಉಗುರುಬೆಚ್ಚಗಿನ ನೀರಾಗ ರಾತ್ರಿಯಿಡೀ ಬಿಟ್ಟೆ. ಮುಂಜಾನೆ ನೋಡಿದ್ರ ಉಬ್ಬಿ ದಪ್ಪ ಆಗಿದ್ವು.

ಈ ಸಲ ಎದ್ವು ಖರೆ, ಆದ್ರ ಬುಡ ಕಪ್ಪಾಗಿ ದಾರದಂಗ ಸಣ್ಣಾಗಿ ಒಂದರ ಹಿಂದ ಒಂದು ಬಿದ್ವು. ತಪ್ಪು ನಂದ, ದಿನಾ ಸಂಜಿಗೆ ನೀರು ಹಾಕತಿದ್ದೆ, ಥಂಡ್ಯಾಗ ಮಣ್ಣು ಲಗೂನ ಒಣಗೂದಿಲ್ಲ, ಬೂಸರ ಹಿಡೀತದ. ಮತ್ತ ಹೊಸಾ ಬೀಜ, ಅರ್ಧಕ್ಕರ್ಧ ಉಸುಕು ಕಲಸಿದ ಮಣ್ಣು, ತಳಕ್ಕ ತೂತು ಹೊಡದ ಹಾಲಿನ ಪಾಕೀಟು, ಮ್ಯಾಲಿನ ಮಣ್ಣು ಒಣಗಿದ್ರ ಮಾತ್ರ ಮುಂಜಾನೆ ನೀರು. ರಾತ್ರಿ ಬಚ್ಚಲದ ಒಲಿ ಮಗ್ಗಲಕ್ಕ, ಹಗಲೆಲ್ಲ ಮಾಳಗಿ ಮ್ಯಾಲೆ ಬಿಸಲಾಗ. "ಕೂಸಿನಂಗ ಎತ್ತಿಕೊಂಡು ತಿರಗತೀಯಲ್ಲೋ" ಅಂತ ಅವ್ವ ನಗತಾಳ.

ರಾತ್ರಿ ಎಲಿ ಮುಚ್ಚಿಕೊಂಡ್ರ ಗಾಬರಿ ಆಗಬ್ಯಾಡ್ರಿ, ಅದು ಈ ಗಿಡದ ಚಾಳಿ. ಹತ್ತರಾಗ ಏಳು ಉಳದಾವ. ಬೇರು ಉದ್ದ ಇಳೀತದ, ಪಾಕೀಟು ಸಾಲೂದಿಲ್ಲ, ಬ್ಯಾಸಗ್ಯಾಗ ದೊಡ್ಡ ಚೀಲಕ್ಕ ಹಾಕಿ ಮಿರಗದ ಮಳಿ ಹತ್ತಿದ ಮ್ಯಾಲೆ ಹೊಲದ ಬದುವಿಗೆ ಹಚ್ಚಬೇಕು.