ಪಾಠವನ್ನೇ ಪರೀಕ್ಷೆಗೆ ಕೂರಿಸಿದಾಗ

ಗಿಂಪ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಫೋಟೊ ತಿದ್ದುವುದನ್ನು ಹೊಸಬರಿಗೆ ಕಲಿಸಲು ನಾನು ಬರೆದ ಪಾಠವನ್ನು ಓದಿದವರೆಲ್ಲ ಚೆನ್ನಾಗಿದೆ ಎಂದಿದ್ದರು. ಓದಿ ತಲೆದೂಗುವುದು ಬೇರೆ, ಮೌಸ್ ಹಿಡಿದು ಮಾಡಿ ಮುಗಿಸುವುದು ಬೇರೆ. ಹಾಗಾಗಿ ಪಾಠವನ್ನೇ ಪರೀಕ್ಷೆಗೆ ಕೂರಿಸಿದೆ.

ಎಷ್ಟು ಜನ ಬೇಕೆಂದು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಪ್ರತಿ ಸುತ್ತಿನಲ್ಲಿ ಐವರು ಸಾಕು, ಕಂಡ ತೊಡಕುಗಳನ್ನು ತಿದ್ದಿ ಮತ್ತೆ ಪರೀಕ್ಷಿಸಿ ಎಂದು ಬಳಕೆ-ಸುಲಭತೆಯ ತಜ್ಞ ಯಾಕೋಬ್ ನೀಲ್ಸನ್ 2000ರಲ್ಲಿ ಬರೆದದ್ದನ್ನೇ ಅನುಸರಿಸಿದೆ. ಎಷ್ಟು ಜನ ಎನ್ನುವುದಕ್ಕಿಂತ ಎಂಥವರು ಎನ್ನುವುದು ಮುಖ್ಯ. ಫೈಲು, ಫೋಲ್ಡರ್ ಬಲ್ಲವರಾಗಿರಬೇಕು, ಲೇಯರ್ (ಚಿತ್ರದಲ್ಲಿ ಒಂದರ ಮೇಲೊಂದು ಇಡುವ ಪದರ) ಎಂಬುದರ ಪರಿಚಯ ಇರಬಾರದು. ಅರ್ಧಂಬರ್ಧ ಬಲ್ಲವರು ಪಾಠದ ಹುಳುಕನ್ನು ತಮ್ಮ ಜಾಣತನದಿಂದ ಮುಚ್ಚಿಬಿಡುತ್ತಾರೆ.

"ಪರೀಕ್ಷೆ ನಿಮಗಲ್ಲ, ಪಾಠಕ್ಕೆ. ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾ ಮಾಡಿ" ಎಂದು ಹೇಳಿ ಪಕ್ಕದಲ್ಲಿ, ತುಸು ಹಿಂದೆ ಕೂರುತ್ತಿದ್ದೆ. "ಇದು ಸರಿಯೇ?" ಎಂದು ಕೇಳಿದರೆ "ನಿಮಗೇನು ಅನ್ನಿಸುತ್ತದೆ?" ಎಂದಷ್ಟೇ ಉತ್ತರ. ಬರೆದವನಿಗೆ ಸುಮ್ಮನೆ ಕೂರುವುದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ.

ಹೆಚ್ಚು ಕಲಿಸಿದ್ದು ಲೇಯರ್ ಮಾಸ್ಕ್, ಅಂದರೆ ಕಪ್ಪು ಬಳಿದ ಕಡೆ ಆ ಪದರವನ್ನು ಮರೆಮಾಡುವ ಮುಸುಕು. "ಕಪ್ಪು ಬಣ್ಣ ಆಯ್ದು ಹಿನ್ನೆಲೆಯ ಮೇಲೆ ಬ್ರಷ್ ಆಡಿಸಿ" ಎಂಬ ಹಂತ ಬಂದಿತ್ತು. ಅಷ್ಟರಲ್ಲಿ ಒಬ್ಬರು ಲೇಯರ್ ಪಟ್ಟಿಯಲ್ಲಿ ಮಾಸ್ಕಿನ ಪಕ್ಕದ ಚಿತ್ರದ ಮೇಲೊಮ್ಮೆ ಕ್ಲಿಕ್ಕಿಸಿದ್ದರು. ಬ್ರಷ್ ಆಡಿಸಿದಂತೆ ಫೋಟೊದ ಮೇಲೆ ದಪ್ಪ ಕಪ್ಪು ಗೆರೆ ಮೂಡಿತು. ಅವರು ನಿಲ್ಲಿಸಲಿಲ್ಲ. "ಕೊನೆಯಲ್ಲಿ ಇದೆಲ್ಲ ಹೋಗುತ್ತದೇನೋ" ಎನ್ನುತ್ತಾ ಇಡೀ ಹಿನ್ನೆಲೆಗೆ ಮಸಿ ಬಳಿದು ಮುಂದಿನ ಹಂತಕ್ಕೆ ಹೋದರು. ಪಾಠದ ವಾಕ್ಯದಲ್ಲಿ ತಪ್ಪಿರಲಿಲ್ಲ. ಏನು ಮಾಡಬೇಕೆಂದು ಹೇಳಿತ್ತು, ಮಾಡಿದ ಮೇಲೆ ಏನು ಕಾಣಬೇಕೆಂದು ಹೇಳಿರಲಿಲ್ಲ. ಈಗ ಅಲ್ಲಿ ಹೀಗಿದೆ: "ಬ್ರಷ್ ಆಡಿದ ಜಾಗ ಮಾಯವಾಗಿ ಚೌಕುಳಿ ಕಾಣಬೇಕು. ಕಪ್ಪು ಗೆರೆ ಕಂಡರೆ ಚಿತ್ರವೇ ಆಯ್ಕೆಯಾಗಿದೆ ಎಂದರ್ಥ. ಕಂಟ್ರೋಲ್ ಝಡ್ ಒತ್ತಿ, ಮಾಸ್ಕಿನ ಮೇಲೆ ಕ್ಲಿಕ್ಕಿಸಿ, ಮತ್ತೆ ಆಡಿಸಿ." ತಪ್ಪನ್ನು ಗುರುತಿಸಿ ಹೊರಬರುವ ದಾರಿ ಕೈಪಿಡಿಯಲ್ಲೇ ಇರಬೇಕೆಂದು ಸಂಶೋಧಕ ಜಾನ್ ಕ್ಯಾರಲ್ 1980ರ ದಶಕದಲ್ಲಿ ಐಬಿಎಮ್‌ನಲ್ಲಿದ್ದಾಗಲೇ ವಾದಿಸಿದ್ದರು.

ಆಯ್ಕೆಯ, ಅಂದರೆ ತಿದ್ದಲೆಂದು ಗೆರೆ ಹಾಕಿ ಗುರುತಿಸಿದ ಜಾಗದ, ತೊಡಕೂ ಅದೇ ಜಾತಿಯದು. ಚಿತ್ರದ ಯಾವುದೋ ಮೂಲೆಯಲ್ಲಿ ಸಣ್ಣದೊಂದು ಆಯ್ಕೆ ಉಳಿದುಬಿಟ್ಟರೆ, ಅದರ ಹೊರಗೆ ಬ್ರಷ್ ಎಷ್ಟು ಉಜ್ಜಿದರೂ ಬಣ್ಣ ಹತ್ತುವುದಿಲ್ಲ. ಕುಳಿತವರು ಸಾಫ್ಟ್‌ವೇರ್ ಕೆಟ್ಟಿತೆಂದೇ ತಿಳಿಯುತ್ತಾರೆ. ಚಿತ್ರದ ಒಂದು ಜಾಗವನ್ನು ಇನ್ನೊಂದರ ಮೇಲೆ ನಕಲಿಸುವ ಕ್ಲೋನ್ ಉಪಕರಣಕ್ಕೆ ಮೊದಲು ಕಂಟ್ರೋಲ್ ಒತ್ತಿ ಮೂಲ ಜಾಗ ತೋರಿಸಬೇಕೆಂಬ ಸೂಚನೆ ಕಿಟಕಿಯ ಕೆಳಗಡೆ ಬರುತ್ತದೆ. ಅತ್ತ ಕಣ್ಣು ಹಾಯಿಸುವವರು ಕಡಿಮೆ. 2012ರ 2.8ನೆಯ ಆವೃತ್ತಿಯಿಂದ ಸೇವ್ ಎಂದರೆ ಗಿಂಪ್‌ನದೇ ಫೈಲ್ ಬಗೆಯಾದ ಎಕ್ಸ್‌ಸಿಎಫ್ ಮಾತ್ರ, ಜೆಪೆಗ್ ಬೇಕಾದರೆ ಎಕ್ಸ್‌ಪೋರ್ಟ್. ಇದನ್ನು ಕೊನೆಯ ಹಂತದಿಂದ ಎತ್ತಿ ಮೊದಲಿಗೇ ತಂದೆ.

ಪಾಠ ಮುಗಿದ ಮೇಲೆ ಅದರಲ್ಲಿಲ್ಲದ ಮತ್ತೊಂದು ಫೋಟೊ ಕೊಟ್ಟು ತಿದ್ದಲು ಹೇಳುತ್ತಿದ್ದೆ. ನಿಜವಾದ ಪರೀಕ್ಷೆ ಅದೇ. ಬೆಳಕು-ನೆರಳು ಹೊಂದಿಸುವ ಲೆವೆಲ್ಸ್‌ಗೆ ನಾನು ಕೊಟ್ಟಿದ್ದ ಅಂಕಿಗಳನ್ನು ಹಾಗೆಯೇ ಹೊಸ ಫೋಟೊಗೂ ತುಂಬಿದರು, ಅದು ಸುಣ್ಣ ಬಳಿದಂತೆ ಬೆಳ್ಳಗಾಯಿತು. ಅಂಕಿಗಳನ್ನು ತೆಗೆದು, ಹಿಸ್ಟೋಗ್ರಾಮಿನ (ಬೆಳಕಿನ ಹಂಚಿಕೆ ತೋರಿಸುವ ನಕ್ಷೆಯ) ಗುಡ್ಡ ಎಲ್ಲಿ ಮುಗಿಯುತ್ತದೋ ಅಲ್ಲಿಗೆ ತುದಿಯ ತ್ರಿಕೋನವನ್ನು ಎಳೆಯಿರಿ ಎಂದು ಬರೆದೆ. ಮುಂದಿನ ಸುತ್ತಿನವರು ಪಾಠದಲ್ಲಿ ಹೆಚ್ಚು ಹೊತ್ತು ತಡಕಾಡಿದರು, ಎರಡನೆಯ ಫೋಟೊವನ್ನು ಮಾತ್ರ ಸಲೀಸಾಗಿ ತಿದ್ದಿದರು. ಅಂದಿನಿಂದ ಪಾಠದ ಪರೀಕ್ಷೆಯಲ್ಲಿ ಗಡಿಯಾರಕ್ಕೆ ನಾನು ಅಷ್ಟಾಗಿ ಬೆಲೆ ಕೊಡುವುದಿಲ್ಲ.

ಕೊನೆಯಲ್ಲಿ ಜಾನ್ ಬ್ರೂಕ್ ರೂಪಿಸಿದ 10 ಹೇಳಿಕೆಗಳ, ಬಳಸಲು ಎಷ್ಟು ಸುಲಭ ಎಂದು ಅಳೆಯುವ ಎಸ್‌ಯುಎಸ್ ಪ್ರಶ್ನಾವಳಿಯನ್ನೂ ತುಂಬಿಸಿಕೊಳ್ಳುತ್ತಿದ್ದೆ. ಹಿನ್ನೆಲೆಗೆಲ್ಲ ಮಸಿ ಬಳಿದವರೂ ದಾಕ್ಷಿಣ್ಯಕ್ಕೆ ಒಳ್ಳೆಯ ಅಂಕವನ್ನೇ ಕೊಟ್ಟಿದ್ದಾರೆ. ಈಗ ಅದನ್ನು ನನ್ನೆದುರು ತುಂಬಿಸುವುದಿಲ್ಲ.