ಬಾಯಿಮಾತು ಬಿಟ್ಟು ಮೂತ್ರಪರೀಕ್ಷೆ ನಂಬಿದ ಮೇಲೆ

‘ಸಿಗರೇಟು ಬಿಟ್ಟು ತಿಂಗಳಾಯಿತು ಡಾಕ್ಟರೇ’ ಎಂಬ ಮಾತನ್ನು ಸುಮಾರು ಹತ್ತು ವರ್ಷ ನಂಬಿದೆ, ತಕ್ಕ ದಂಡವನ್ನೂ ತೆತ್ತೆ. ಟಮ್ಮಿ ಟಕ್ (ಹೊಟ್ಟೆಯ ಸಡಿಲ ಚರ್ಮ ತೆಗೆದು ಬಿಗಿಸುವ ಶಸ್ತ್ರಚಿಕಿತ್ಸೆ) ಮಾಡಿಸಿಕೊಂಡ ಒಬ್ಬರಿಗೆ ಮೂರನೆಯ ದಿನ ಹೊಕ್ಕುಳಿನ ಕೆಳಗೆ ನಡುಭಾಗದ ಚರ್ಮ ನೀಲಿಗಟ್ಟಿತು. ಎರಡನೆಯ ವಾರಕ್ಕೆ ಅಂಗೈಯಗಲ ಕಪ್ಪಾಗಿ ಕಳಚಿತು. ಮೂರು ತಿಂಗಳ ಡ್ರೆಸ್ಸಿಂಗ್, ಗಾಯದ ದ್ರವ ಹೀರುವ ವ್ಯಾಕ್ಯೂಮ್ ಯಂತ್ರದ ಬಾಡಿಗೆ, ಕೊನೆಗೆ ಮತ್ತೊಂದು ಶಸ್ತ್ರಚಿಕಿತ್ಸೆ. ಪಡೆದ ಶುಲ್ಕವೆಲ್ಲ ಕರಗಿ, ಇನ್ನಷ್ಟು ಕೈಯಿಂದ ಹೋಯಿತು. ಟಮ್ಮಿ ಟಕ್‌ನ ಹಿಂದಿನ ರಾತ್ರಿಯೂ ಸೇದಿದ್ದೆನೆಂದು ಆಕೆ ಆಮೇಲೆ ಹೇಳಿದರು. ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸಿ, ಬಿಡಿಸಿದ ಚರ್ಮಕ್ಕೆ ರಕ್ತ ಸಾಲದಂತೆ ಮಾಡುತ್ತದೆ.

ಆಗಲೇ ನಿಯಮ ಮಾಡಿದೆ: ಶಸ್ತ್ರಚಿಕಿತ್ಸೆಗೆ ಹಿಂದೆ ನಾಲ್ಕು ವಾರ, ಮುಂದೆ ನಾಲ್ಕು ವಾರ ನಿಕೋಟಿನ್ ಇಲ್ಲ, ಮೂತ್ರದಲ್ಲಿ ಕೋಟಿನಿನ್ (ಮೈಯಲ್ಲಿ ನಿಕೋಟಿನ್ ಒಡೆದು ಆಗುವ ವಸ್ತು) ಸಿಕ್ಕರೆ ಅಂದಿನ ಪಟ್ಟಿಯಿಂದ ಹೆಸರು ತೆಗೆಯುವುದು. ‘ಅಂಗಡಿ ಮುಚ್ಚುತ್ತೀಯ’ ಎಂದು ಸಹೋದ್ಯೋಗಿಗಳು ನಕ್ಕರು. ಮೊದಲ ವರ್ಷ ಅವರ ಮಾತೇ ನಿಜವಾಗುವಂತಿತ್ತು. ಐವರಲ್ಲಿ ಒಬ್ಬರು ಬೇರೆಡೆ ಹೋದರು, ಥಿಯೇಟರ್ ಖಾಲಿ ಬಿದ್ದ ದಿನಗಳೂ ಇದ್ದವು.

ಪರೀಕ್ಷೆಯೂ ಮೊದಲು ಕೈಕೊಟ್ಟಿತು. ಸಿಗರೇಟು ಬಿಡಲು ನಿಕೋಟಿನ್ ಪ್ಯಾಚ್ ಅಂಟಿಸಿಕೊಂಡವರಲ್ಲೂ ಕೋಟಿನಿನ್ ಬರುತ್ತದೆ. ಪ್ರಾಮಾಣಿಕವಾಗಿ ಬಿಟ್ಟ ಒಬ್ಬರನ್ನು ಸುಳ್ಳುಗಾರನೆಂದು ಕಳುಹಿಸಿ ನಾಚಿಕೆಪಟ್ಟೆ. ತಂಬಾಕಿನಲ್ಲಿದ್ದು ಪ್ಯಾಚ್‌ನಲ್ಲಿಲ್ಲದ ಅನಬಾಸಿನ್ ನೋಡಿದರೆ ತಂಬಾಕು ಯಾವುದು, ಪ್ಯಾಚ್ ಯಾವುದು ತಿಳಿಯುತ್ತದೆ. ಆದರೂ ಚರ್ಮವನ್ನು ಅಗಲವಾಗಿ ಬಿಡಿಸುವ ಕೆಲಸಗಳಿಗೆ ನನಗೆ ಪ್ಯಾಚ್ ಕೂಡ ಬೇಡ. ಇದಕ್ಕಿಂತ ದೊಡ್ಡ ತೂತು ಇನ್ನೊಂದಿತ್ತು. ಕೋಟಿನಿನ್ ಕೆಲವೇ ದಿನಗಳಲ್ಲಿ ಮೈಯಿಂದ ಹೊರಟುಹೋಗುತ್ತದೆ. ಜಾಣರು ಪರೀಕ್ಷೆಗೆ ಮುಂಚೆ ಒಂದು ವಾರ ಬಿಟ್ಟು ಪಾಸಾಗುತ್ತಿದ್ದರು. ಈಗ ಪರೀಕ್ಷೆ ಎರಡು. ಎರಡನೆಯದನ್ನು ಯಾವಾಗ, ಯಾವ ನೆಪದಲ್ಲಿ ಮಾಡುತ್ತೇನೆಂಬುದು ನನ್ನ ಗುಟ್ಟು. ನನ್ನ ನರ್ಸ್‌ಗಳಿಗೂ ಹೇಳಿಲ್ಲ.

ಇದೇ ಸಮಯದಲ್ಲಿ ಬೇರೆ ಪ್ರಯೋಗಗಳಿಗೂ ಕೈಹಾಕಿದೆ. ದ್ರವ ಹೊರಹಾಕುವ ನಳಿಗೆ (ಡ್ರೇನ್) ಇಡದೆ, ಬಿಡಿಸಿದ ಚರ್ಮವನ್ನು (ಫ್ಲ್ಯಾಪ್) ಕೆಳಗಿನ ಪದರಕ್ಕೆ ಸಾಲುಸಾಲಾಗಿ ಹೊಲಿದು ನೋಡಿದೆ. ಅರ್ಧ ಗಂಟೆ ಹೆಚ್ಚು ಹಿಡಿಯಿತು, ಅರಿವಳಿಕೆ ತಜ್ಞರು ಗೊಣಗಿದರು. ಚರ್ಮದಡಿ ದ್ರವ ತುಂಬಿಕೊಳ್ಳುವ ಸೀರೋಮಾ ಮಾತ್ರ ನನ್ನ ಕೈಯಲ್ಲಿ ಚೆನ್ನಾಗಿ ಇಳಿಯಿತು. ನೀಲಿಗಟ್ಟಿದ ಅಂಚಿಗೆ ರಕ್ತನಾಳ ಹಿಗ್ಗಿಸುವ ನೈಟ್ರೋಗ್ಲಿಸರಿನ್ ಮುಲಾಮು ಹಚ್ಚಿದ್ದೂ ಉಂಟು. ಅದರಿಂದಲೇ ಉಳಿಯಿತೋ, ತಾನಾಗಿ ಉಳಿಯಿತೋ ಎಂದು ಪ್ರಮಾಣ ಮಾಡಿ ಹೇಳಲಾರೆ.

ಸಕ್ಕರೆ, ತೂಕ, ರಕ್ತದ ಪ್ರೋಟೀನ್ ಆದ ಅಲ್ಬುಮಿನ್, ಹಿಂದೆ ರೇಡಿಯೇಷನ್ ಪಡೆದ ಜಾಗ, ಕಾಲಿನ ರಕ್ತ ಹೆಪ್ಪುಗಟ್ಟುವ ಅಪಾಯವನ್ನು ಅಳೆಯುವ ಕ್ಯಾಪ್ರಿನಿ ಅಂಕ, ಇವೆಲ್ಲವನ್ನು ಶಸ್ತ್ರಚಿಕಿತ್ಸೆಗೆ ಮುನ್ನ ಸರ್ಜನ್ನರಾದ ನೀವೂ ನೋಡುತ್ತೀರಿ. ಮುಖದ ಚರ್ಮ ಬಿಗಿಸುವ ಫೇಸ್‌ಲಿಫ್ಟ್‌ನಲ್ಲಿ ನಾನು ಹೆದರುವುದು ರಕ್ತದೊತ್ತಡಕ್ಕೆ, ಅದರಲ್ಲೂ ಗಂಡಸರಲ್ಲಿ. ಎಚ್ಚರಗೊಳ್ಳುವಾಗ ಒಂದು ಕೆಮ್ಮು ಬಂದರೆ ಸಾಕು, ಕೆನ್ನೆಯಡಿ ರಕ್ತ ತುಂಬಿಕೊಳ್ಳುತ್ತದೆ.

ಎರಡು ಪರೀಕ್ಷೆ ಶುರುವಾದ ಮೇಲೆ ನೂರನಲವತ್ತರ ಆಸುಪಾಸು ಟಮ್ಮಿ ಟಕ್ ಆಗಿರಬೇಕು. ಚರ್ಮ ಸತ್ತದ್ದು ಎರಡರಲ್ಲಿ, ಎರಡೂ ಉಗುರಿನಗಲ. ಮೊದಲಿನವರು ಶಸ್ತ್ರಚಿಕಿತ್ಸೆಯ ನಂತರ ಮತ್ತೆ ಸೇದಲು ಶುರುಮಾಡಿದ್ದರು. ಇನ್ನೊಬ್ಬರು ಜೀವಮಾನದಲ್ಲಿ ಸಿಗರೇಟು ಮುಟ್ಟಿದವರಲ್ಲ. ಅಲ್ಲಿ ಚರ್ಮವನ್ನು ಅತಿಯಾಗಿ ಬಿಗಿದು ಹೊಲಿದವನು ನಾನೇ.