ಷೆಂಗೆನ್ ವೀಸಾ ಅರ್ಜಿ: ನಾನೇ ಕೂತು ಮಾಡಿದ ಬಗೆ

ಅಮ್ಮನ ಜೊತೆ ಯುರೋಪ್ ನೋಡಬೇಕು ಅನ್ನುವುದು ನನ್ನ ಬಹಳ ದಿನದ ಆಸೆ. ಷೆಂಗೆನ್ ವೀಸಾ ಒಂದಿದ್ದರೆ 29 ದೇಶಗಳನ್ನು ಸುತ್ತಬಹುದು. ಬ್ರಿಟನ್, ಐರ್ಲೆಂಡ್ ಇದರಲ್ಲಿ ಸೇರಿಲ್ಲ, ಅವಕ್ಕೆ ಬೇರೆ ವೀಸಾ ಬೇಕು. ಏಜೆಂಟರ ಕೈಗೆ ಕೊಡದೆ ಇಬ್ಬರ ಅರ್ಜಿಯನ್ನೂ ನಾನೇ ತಯಾರು ಮಾಡಿದೆ.

ಶುರುವಿನಲ್ಲೇ ಒಂದು ವಿಷಯ ತಿಳಿದುಕೊಂಡೆ. ನಮ್ಮ ವೀಸಾ ತೀರ್ಮಾನಿಸುವ ಅಧಿಕಾರಿ ಸಾಮಾನ್ಯವಾಗಿ ನಮ್ಮ ಮುಖವನ್ನೇ ನೋಡುವುದಿಲ್ಲ. ಅರ್ಜಿ ಕೇಂದ್ರದವರು ಕಾಗದ ತಗೊಂಡು, ಬೆರಳಚ್ಚು ತೆಗೆದು, ವೀಸಾ ಕೊಡುವ ದೇಶದ ಕಚೇರಿಗೆ, ಅಂದರೆ ಕಾನ್ಸುಲೇಟ್‌ಗೆ ಕಳಿಸುತ್ತಾರೆ. ಅಲ್ಲಿಗೆ ಅವರ ಕೆಲಸ ಮುಗಿಯಿತು. ಆಮೇಲೆ ನಮ್ಮ ಪರವಾಗಿ ಮಾತಾಡುವುದು ಫೈಲ್ ಮಾತ್ರ. ಎಲ್ಲಿಗೆ ಹೋಗ್ತಾರೆ, ಯಾರ ದುಡ್ಡಲ್ಲಿ ಹೋಗ್ತಾರೆ, ವಾಪಸ್ ಬರ್ತಾರಾ? ಈ ಮೂರು ಪ್ರಶ್ನೆಗೆ ಪ್ರತಿಯೊಂದು ಕಾಗದವೂ ಒಂದೇ ಉತ್ತರ ಕೊಡಬೇಕು. ನಾನು ಕೊನೆಯವರೆಗೂ ಬಿಡದೆ ಹಿಡಿದುಕೊಂಡದ್ದು ಇದನ್ನೇ.

ಮೊದಲು ಯಾವ ದೇಶಕ್ಕೆ ಅರ್ಜಿ ಹಾಕಬೇಕು ಅನ್ನುವುದು. ನಾವು ಇಳಿಯುವುದು ಪ್ಯಾರಿಸ್‌ನಲ್ಲಿ, ವಾಪಸ್ ಹೊರಡುವುದು ರೋಮ್‌ನಿಂದ. ಅಮ್ಮನಿಗೆ ವೆನಿಸ್, ಫ್ಲಾರೆನ್ಸ್ ನಿಧಾನವಾಗಿ ನೋಡಬೇಕಿತ್ತು, ಹಾಗಾಗಿ ಇಟಲಿಯಲ್ಲೇ ಜಾಸ್ತಿ ರಾತ್ರಿ. ವಿಮಾನ ಮೊದಲು ಇಳಿಯುವ ದೇಶಕ್ಕೇ ಅರ್ಜಿ ಹಾಕಬೇಕು ಎಂದು ತುಂಬಾ ಜನ ನಂಬಿದ್ದಾರೆ. ನಿಯಮ ಹಾಗಿಲ್ಲ. ಪ್ರವಾಸದ ಮುಖ್ಯ ದೇಶ ಯಾವುದೋ, ಅಂದರೆ ಎಲ್ಲಿ ಜಾಸ್ತಿ ದಿನ ಇರುತ್ತೇವೋ, ಆ ದೇಶಕ್ಕೆ ಹಾಕಬೇಕು. ಎರಡು ಕಡೆ ಸಮ ಸಮ ದಿನ ಇದ್ದು, ಯಾವುದು ಮುಖ್ಯ ಎಂದು ಹೇಳಲು ಬರದಿದ್ದರೆ ಮಾತ್ರ ಮೊದಲು ಕಾಲಿಡುವ ದೇಶದ ಲೆಕ್ಕ. ಅಪಾಯಿಂಟ್‌ಮೆಂಟ್ ಬೇಗ ಸಿಗುತ್ತದೆ ಅಂತ ಬೇರೊಂದು ದೇಶದ ಮೂಲಕ ಅರ್ಜಿ ಹಾಕುವವರನ್ನು ನೋಡಿದ್ದೇನೆ. ನನಗದು ಸರಿ ಕಾಣುವುದಿಲ್ಲ. ಹೋಟೆಲ್ ಬುಕಿಂಗ್ ಒಂದು ದೇಶದ್ದು, ಅರ್ಜಿ ಇನ್ನೊಂದು ದೇಶಕ್ಕೆ ಅಂದರೆ ಫೈಲ್ ತೆರೆದ ಕೂಡಲೇ ಅನುಮಾನ ಬರದೇ ಇರುತ್ತಾ?

ಪ್ರವಾಸಕ್ಕೆ ಆರು ತಿಂಗಳು ಇರುವಾಗಿನಿಂದ ಅರ್ಜಿ ಹಾಕಬಹುದು. ಕೊನೆಯ ಗಡುವು ಹೊರಡುವುದಕ್ಕೆ 15 ದಿನ ಮೊದಲು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ ಹಿಡಿಯುತ್ತದೆ, ಕೆಲವು ಅರ್ಜಿಗಳಿಗೆ 45 ದಿನದವರೆಗೂ ಆಗಬಹುದು. ಆದ್ದರಿಂದ ಕೊನೆಯ ಗಡುವನ್ನು ನಂಬಿಕೊಂಡು ಕೂರಬೇಡಿ. ಬೇಸಿಗೆಯ ಪ್ರವಾಸಕ್ಕಂತೂ ಅಪಾಯಿಂಟ್‌ಮೆಂಟ್ ಸ್ಲಾಟ್ ಸಿಗುವುದೇ ಕಷ್ಟ.

ಪಾಸ್‌ಪೋರ್ಟ್ ವಿಷಯ ಸರಳ. ಕಳೆದ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಎರಡು ಖಾಲಿ ಪುಟ ಇರಬೇಕು, ಷೆಂಗೆನ್ ಬಿಟ್ಟು ಹೊರಟ ಮೇಲೂ ಕನಿಷ್ಠ ಮೂರು ತಿಂಗಳು ಚಾಲ್ತಿಯಲ್ಲಿರಬೇಕು. ಫೋಟೋ 35 ಮಿಲಿಮೀಟರ್ ಅಗಲ, 45 ಮಿಲಿಮೀಟರ್ ಎತ್ತರ. ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ, ಆರರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ 45. ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ವೀಸಾ ಸಿಗದಿದ್ದರೂ ಈ ದುಡ್ಡು ವಾಪಸ್ ಬರುವುದಿಲ್ಲ.

ಎಲ್ಲಕ್ಕಿಂತ ಜಾಸ್ತಿ ಹೊತ್ತು ಕೂತಿದ್ದು ಬ್ಯಾಂಕ್ ಸ್ಟೇಟ್‌ಮೆಂಟ್ ಮುಂದೆ. ಖಾತೆಯಲ್ಲಿ ಎಷ್ಟಿದೆ ಎನ್ನುವುದು ಒಂದು ಮಾತು. ಆ ದುಡ್ಡು ಹೇಗೆ ಬಂತು ಎನ್ನುವುದು ಅದಕ್ಕಿಂತ ದೊಡ್ಡ ಮಾತು. ತಿಂಗಳು ತಿಂಗಳು ಸಂಬಳ ಬರುತ್ತಿದೆ, ಮನೆ ಖರ್ಚು ಹೋಗುತ್ತಿದೆ, ಸ್ವಲ್ಪ ಸ್ವಲ್ಪ ಉಳಿಯುತ್ತಿದೆ ಎಂದು ಕಂಡರೆ ನೋಡುವವರಿಗೆ ನಂಬಿಕೆ ಬರುತ್ತದೆ. ಅರ್ಜಿಗೆ ವಾರ ಇರುವಾಗ ಎಲ್ಲಿಂದಲೋ ದೊಡ್ಡ ಮೊತ್ತ ಬಂದು ಬಿದ್ದರೆ ಅದು ಸಾಲ ತಂದು ತೋರಿಸಿದ ದುಡ್ಡು ಎಂದು ಅನಿಸುವುದು ಸಹಜ. ನನ್ನ ಖಾತೆಗೂ ಆ ಸಮಯದಲ್ಲಿ ಒಂದು ದೊಡ್ಡ ಮೊತ್ತ ಬಂದಿತ್ತು. ಅವಧಿ ಮುಗಿದ ಫಿಕ್ಸೆಡ್ ಡೆಪಾಸಿಟ್ ಹಣ ಅದು. ಆ ಸಾಲಿನ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಗುರುತು ಹಾಕಿದೆ. ಬ್ಯಾಂಕಿನಿಂದ ಡೆಪಾಸಿಟ್ ಮುಗಿದ ರಸೀದಿ ತಂದು ಸ್ಟೇಟ್‌ಮೆಂಟ್‌ನ ಹಿಂದೆಯೇ ಇಟ್ಟೆ. ಅರ್ಜಿಯ ಜೊತೆ ಇಡುವ ವಿವರಣೆಯ ಪತ್ರ, ಅಂದರೆ ಕವರಿಂಗ್ ಲೆಟರ್‌ನಲ್ಲೂ ಒಂದು ಸಾಲು ಬರೆದೆ. ಅಧಿಕಾರಿಗೆ ಪ್ರಶ್ನೆ ಹುಟ್ಟುವ ಜಾಗದಲ್ಲೇ ಉತ್ತರವೂ ಸಿಗಬೇಕು.

ಅಮ್ಮನಿಗೆ ಬರುವುದು ಪಿಂಚಣಿ ಮಾತ್ರ, ಅವರ ಖರ್ಚು ನನ್ನದು. ಹಾಗಾಗಿ ಅವರ ಫೈಲ್‌ನಲ್ಲಿ ಅವರ ಪಿಂಚಣಿ ಖಾತೆ, ನಾನು ಖರ್ಚು ಹೊರುತ್ತೇನೆ ಎಂಬ ಪತ್ರ, ನನ್ನ ಸ್ಟೇಟ್‌ಮೆಂಟ್‌ನ ಪ್ರತಿ, ನಾವು ತಾಯಿ ಮಗಳು ಎಂದು ತೋರಿಸಲು ನನ್ನ ಜನನ ಪ್ರಮಾಣಪತ್ರ, ಎಲ್ಲವನ್ನೂ ಇಟ್ಟೆ. ಒಟ್ಟಿಗೇ ಹೋಗುತ್ತಿದ್ದೇವಲ್ಲ, ಒಂದೇ ಸೆಟ್ ಸಾಕು ಎಂದುಕೊಳ್ಳಬೇಡಿ. ಇಬ್ಬರ ಅರ್ಜಿಯೂ ಬೇರೆ ಬೇರೆ, ಪ್ರತಿಯೊಂದೂ ತನ್ನಷ್ಟಕ್ಕೆ ಪೂರ್ತಿ ಇರಬೇಕು.

ವಾಪಸ್ ಬರುತ್ತೇವೆ ಎಂದು ತೋರಿಸಲು ನನಗೆ ಆಫೀಸಿನ ಪತ್ರವೇ ಆಧಾರ. ಸುಮ್ನೆ ಉದ್ಯೋಗಿ ಎಂದು ಬರೆದರೆ ಸಾಲದು. ಯಾವ ದಿನದಿಂದ ಯಾವ ದಿನದವರೆಗೆ ರಜೆ ಮಂಜೂರಾಗಿದೆ, ಯಾವತ್ತು ಕೆಲಸಕ್ಕೆ ಮರಳುತ್ತಾರೆ ಎಂದು ಬರೆಸಿಕೊಂಡೆ.

ಕವರಿಂಗ್ ಲೆಟರ್ ಒಂದೇ ಪುಟ. ನಾವು ಯಾರು, ಯಾಕೆ ಹೋಗುತ್ತಿದ್ದೇವೆ, ಖರ್ಚು ಯಾರದು, ಜೊತೆಗಿಟ್ಟ ಕಾಗದಗಳು ಯಾವುವು, ಇಷ್ಟೇ. ಅದರ ಕೆಳಗೆ ಒಂದು ಪಟ್ಟಿ: ದಿನಾಂಕ, ಊರು, ರಾತ್ರಿ ಉಳಿಯುವ ಹೋಟೆಲ್. ಒಂದು ರಾತ್ರಿಯೂ ಖಾಲಿ ಬಿಡಲಿಲ್ಲ. ವಿಮಾನಕ್ಕೆ ರಿಸರ್ವೇಶನ್ ಮಾತ್ರ ಇಟ್ಟೆ, ಪೂರ್ತಿ ದುಡ್ಡು ಕಟ್ಟಿ ಟಿಕೆಟ್ ತಗೊಳ್ಳಲಿಲ್ಲ. ಹೋಟೆಲ್‌ಗಳನ್ನು ಉಚಿತವಾಗಿ ರದ್ದು ಮಾಡಬಹುದಾದ ಕಡೆ ಬುಕ್ ಮಾಡಿದೆ, ಆದರೆ ವೀಸಾ ಕೈಗೆ ಬರುವವರೆಗೆ ಒಂದನ್ನೂ ರದ್ದು ಮಾಡಲಿಲ್ಲ. ಬುಕಿಂಗ್ ನಿಜವೇ ಎಂದು ಹೋಟೆಲ್‌ಗೆ ಕೇಳಿ ನೋಡುವುದೂ ಉಂಟು.

ಇನ್ಶೂರೆನ್ಸ್ ಕನಿಷ್ಠ 30,000 ಯೂರೋದಷ್ಟು ಇರಬೇಕು. ತುರ್ತು ಚಿಕಿತ್ಸೆ, ಆಸ್ಪತ್ರೆ ಖರ್ಚು, ರೋಗಿಯನ್ನು ಅಥವಾ ಮೃತದೇಹವನ್ನು ಊರಿಗೆ ತರುವ ಖರ್ಚು ಎಲ್ಲವೂ ಸೇರಿರಬೇಕು. ಇಡೀ ಷೆಂಗೆನ್ ಪ್ರದೇಶಕ್ಕೆ ಅನ್ವಯಿಸಬೇಕು, ಒಂದೇ ದೇಶಕ್ಕೆ ಅಂತ ಇದ್ದರೆ ನಡೆಯುವುದಿಲ್ಲ. ವಯಸ್ಸಾದವರಿಗೆ ಪಾಲಿಸಿ ತಗೊಳ್ಳುವಾಗ ಮೊದಲೇ ಇರುವ ಕಾಯಿಲೆಗಳ ಷರತ್ತನ್ನು ಓದಲೇಬೇಕು. ವೀಸಾಕ್ಕಿಂತ ಜಾಸ್ತಿ ಅದು ಅಮ್ಮನಿಗೆ ಬೇಕಾದದ್ದು.

ಎಲ್ಲ ಸೇರಿದ ಮೇಲೆ ಒಂದು ಸಂಜೆ ಕಾಗದಗಳನ್ನು ಮೇಜಿನ ಮೇಲೆ ಹರಡಿದೆ. ದಿನಾಂಕಗಳನ್ನು ಮಾತ್ರ ನೋಡಬೇಕು ಎಂದು ಕೂತೆ. ಅರ್ಜಿ, ವಿಮಾನ, ಹೋಟೆಲ್, ಇನ್ಶೂರೆನ್ಸ್, ರಜೆ ಪತ್ರ, ಕವರಿಂಗ್ ಲೆಟರ್. ಹೊರಡುವ ದಿನ, ಮರಳುವ ದಿನ ಎಲ್ಲದರಲ್ಲೂ ತಾಳೆ ಆಗುತ್ತಾ? ಆಮೇಲೆ ಹೆಸರಿನ ಸುತ್ತು. ಅಮ್ಮನ ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆದಿದೆ, ಪಾಸ್‌ಬುಕ್‌ನಲ್ಲಿ ಒಂದೇ ಅಕ್ಷರ. ಎರಡೂ ಒಬ್ಬರದೇ ಎಂದು ಬ್ಯಾಂಕಿನಿಂದ ಪತ್ರ ಬರೆಸಿ ತಂದೆ. ಅಮ್ಮ ಎದುರಿಗೆ ಕೂತು ಒಂದೊಂದೇ ದಿನಾಂಕ ಓದಿ ಹೇಳುತ್ತಿದ್ದರು, ನಾನು ಗುರುತು ಹಾಕುತ್ತಿದ್ದೆ. ಒಬ್ಬರೇ ಮಾಡುವ ಕೆಲಸ ಅಲ್ಲ ಇದು.

ಅಪಾಯಿಂಟ್‌ಮೆಂಟ್ ದಿನ ನಡೆದದ್ದು ಕಡಿಮೆ. ಚೆಕ್‌ಲಿಸ್ಟ್ ಹಿಡಿದು ಕಾಗದ ಎಣಿಸಿದರು, ಹತ್ತೂ ಬೆರಳಿನ ಅಚ್ಚು ತೆಗೆದರು. ಅಮ್ಮನ ಬೆರಳ ರೇಖೆಗಳು ಸವೆದಿವೆ. ಯಂತ್ರ ಮತ್ತೆ ಮತ್ತೆ ಬೇಡ ಅಂದಿತು. ಅಲ್ಲಿದ್ದ ಹುಡುಗಿ ‘ಗಾಬರಿ ಬೇಡ ಅಮ್ಮ, ನಿಧಾನ’ ಎಂದು ಒದ್ದೆ ಟಿಶ್ಯೂ ಕೊಟ್ಟು ಬೆರಳು ಒರೆಸಿಸಿದಳು, ಆಮೇಲೆ ಬಂತು. ಈ ಬೆರಳಚ್ಚು 59 ತಿಂಗಳು ನಡೆಯುತ್ತದೆ, ಅಷ್ಟರೊಳಗೆ ಇನ್ನೊಂದು ಷೆಂಗೆನ್ ಅರ್ಜಿ ಹಾಕಿದರೆ ಸಾಮಾನ್ಯವಾಗಿ ಮತ್ತೆ ಕೊಡಬೇಕಿಲ್ಲ.

ಕಾಯುವಾಗ ಮನಸ್ಸು ಕೆಟ್ಟದ್ದನ್ನೇ ಯೋಚಿಸುತ್ತದೆ. ತಿರಸ್ಕರಿಸಿದರೆ ಕಾರಣಕ್ಕೆ ಗುರುತು ಹಾಕಿದ ನಮೂನೆ ಕೊಡಬೇಕು, ಮೇಲ್ಮನವಿ ಸಲ್ಲಿಸುವ ಹಕ್ಕೂ ಇದೆ. ಹಿಂದೆ ಒಮ್ಮೆ ತಿರಸ್ಕಾರವಾಗಿದೆ ಎಂಬ ಒಂದೇ ಕಾರಣಕ್ಕೆ ಹೊಸ ಅರ್ಜಿಯನ್ನು ತಳ್ಳಿಹಾಕುವ ಹಾಗಿಲ್ಲ ಎಂದು ನಿಯಮದಲ್ಲೇ ಇದೆ. ಅದನ್ನು ಓದಿದ ಮೇಲೆ ನನಗೆ ಸಮಾಧಾನ ಆಯಿತು.

ಪಾಸ್‌ಪೋರ್ಟ್ ಬಂದ ಕೂಡಲೇ ಸ್ಟಿಕರ್ ಓದಿ. ಹೆಸರು, ಪಾಸ್‌ಪೋರ್ಟ್ ಸಂಖ್ಯೆ ಸರಿ ಇದೆಯಾ ನೋಡಿ. ಆಮೇಲೆ ದಿನಗಳ ಲೆಕ್ಕ, ಇಲ್ಲೇ ಜನ ಎಡವುವುದು. ಸ್ಟಿಕರ್‌ನಲ್ಲಿ ವೀಸಾ ಯಾವತ್ತಿನಿಂದ ಯಾವತ್ತಿನವರೆಗೆ ಎಂದು ಒಂದು ಕಡೆ, ಎಷ್ಟು ದಿನ ಇರಬಹುದು ಎಂದು ಇನ್ನೊಂದು ಕಡೆ ಇರುತ್ತದೆ. ಪ್ರಯಾಣ ಆಚೀಚೆ ಆದರೆ ಇರಲಿ ಎಂದು ಸಾಮಾನ್ಯವಾಗಿ 15 ದಿನ ಸೇರಿಸಿ ಅವಧಿ ಕೊಡುತ್ತಾರೆ. ಉದಾಹರಣೆಗೆ, ಮೇ 1ರಿಂದ 25ರವರೆಗೆ ಎಂದು ಇದ್ದು, ದಿನಗಳ ಜಾಗದಲ್ಲಿ 10 ಎಂದಿದ್ದರೆ ಆ 25 ದಿನದೊಳಗೆ ಯಾವುದಾದರೂ 10 ದಿನ ಮಾತ್ರ ಇರಬಹುದು. ಇಳಿದ ದಿನವೂ ಸೇರಿ, ಹೊರಟ ದಿನವೂ ಸೇರಿ. ಒಂದೇ ಪ್ರವೇಶದ ವೀಸಾ ಆಗಿದ್ದರೆ ಮಧ್ಯೆ ಲಂಡನ್‌ಗೆ ಹೋಗಿ ಮತ್ತೆ ಪ್ಯಾರಿಸ್‌ಗೆ ಬರಲು ಆಗುವುದಿಲ್ಲ.

ಇನ್ನೊಂದು ಮಾತು. ವೀಸಾ ಇದ್ದರೂ ಗಡಿಯಲ್ಲಿ ಒಳಗೆ ಬಿಡುವ ತೀರ್ಮಾನ ಅಲ್ಲಿನ ಅಧಿಕಾರಿಯದು. ಆದ್ದರಿಂದ ಹೋಟೆಲ್ ಬುಕಿಂಗ್, ವಾಪಸ್ ಟಿಕೆಟ್, ಇನ್ಶೂರೆನ್ಸ್ ಪ್ರತಿಗಳನ್ನು ಸೂಟ್‌ಕೇಸ್‌ಗೆ ಹಾಕದೆ ಕೈಚೀಲದಲ್ಲಿ ಇಟ್ಟುಕೊಂಡೆವು, ಅಮ್ಮನ ಸೆಟ್ ಅಮ್ಮನ ಹತ್ತಿರ. ಪ್ಯಾರಿಸ್‌ನಲ್ಲಿ ಇಮಿಗ್ರೇಶನ್ ಅಧಿಕಾರಿ ಅಮ್ಮನ ವಾಪಸ್ ಟಿಕೆಟ್ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಮ್ಮ ತೆಗೆದು ತೋರಿಸಿದ್ದರು.